ಒಂದೇ ಸೀಟಿನ ಅಂಬಾಸಿಡರ್

ಚನ್ನಗಿರಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪನಿಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರು ರೇಸಿನ ಹುಚ್ಚು ಹಿಡಿಯಿತು. ಆ ವಯಸ್ಸಿನ ಬೇರೆ ಗಂಡಸರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ, ಮೊಣಕಾಲು ಹಿಡಿಯುತ್ತದೆ, ತೀರಾ ಕೆಟ್ಟರೆ ರಾಜಕೀಯ ಹಿಡಿಯುತ್ತದೆ. ಅವಕ್ಕೆಲ್ಲ ಏನಾದರೊಂದು ಮದ್ದು ಉಂಟು. ಹೆಂಡತಿ ಸರ್ವಮಂಗಳಮ್ಮ ಇದೇನೋ ಪಿತ್ತ ತಲೆಗೇರಿರಬೇಕೆಂದು ಒಂದು ವಾರ ಜೀರಿಗೆ ಕಷಾಯ ಕುಡಿಸಿ ನೋಡಿದಳು. ಇಳಿಯಲಿಲ್ಲ.

ಆದದ್ದಿಷ್ಟು. ಎಂಬತ್ತಾರನೆಯ ಇಸವಿಯಲ್ಲಿ ಅವನು ಗೆಳೆಯ ಮಹೇಶ್ವರಪ್ಪನ ಜೊತೆ ವ್ಯಾಪಾರದ ಮಾತಿಗೆಂದು ಮದ್ರಾಸಿಗೆ ಹೋಗಿದ್ದ. ಅಲ್ಲಿ ಯಾರೋ ಪುಣ್ಯಾತ್ಮ ಇಬ್ಬರನ್ನೂ ಊರಾಚೆಯ ಮೈದಾನಕ್ಕೆ ಕರೆದೊಯ್ದು ರೇಸು ತೋರಿಸಿದ. ಒಂದಷ್ಟು ಕಾರುಗಳು ಕಿವಿ ಹರಿದುಹೋಗುವಂತೆ ಅರಚುತ್ತಾ ಹೊರಟವು, ಹೊರಟ ಜಾಗಕ್ಕೇ ಬಂದವು, ಮತ್ತೆ ಹೊರಟವು. ಷಣ್ಮುಖಪ್ಪ ಕಣ್ತುಂಬ ನೋಡಿದ. ಮದುವೆಯ ದಿನ ಹೆಂಡತಿಯನ್ನೂ ಅಷ್ಟು ಕಣ್ಣರಳಿಸಿ ನೋಡಿದವನಲ್ಲ. ಬರುವಾಗ ದೀಪಾವಳಿ ಕಳೆದ ಮೇಲೆ ನಡೆಯುವ ರೇಸಿಗೆ ತನ್ನ ಹೆಸರನ್ನೂ ಬರೆಸಿಯೇ ಬಂದ.

"ಆ ಕಾರು ಎಲ್ಲಿಗೆ ಹೋಗ್ತಾವ್ರೀ?" ಎಂದು ಸರ್ವಮಂಗಳಮ್ಮ ರೊಟ್ಟಿ ಬಡಿಯುತ್ತಾ ಕೇಳಿದಳು.

"ಎಲ್ಲಿಗೂ ಹೋಗಲ್ಲ. ಸುತ್ತು ಹಾಕ್ತಾವೆ."

"ಸುತ್ತು ಹಾಕಾಕೆ ಮದ್ರಾಸಿಗೆ ಯಾಕೆ ಹೋಗ್ಬೇಕು? ನಮ್ಮಪ್ಪನ ಕಣದಾಗೆ ಮೂರು ಸುಗ್ಗಿ ನಾನೇ ಟ್ರ್ಯಾಕ್ಟರು ಸುತ್ತು ಹಾಕ್ಸೀನಿ. ಕೊನಿಗೆ ಜೋಳನಾದ್ರೂ ಸಿಗ್ತಿತ್ತು."

ಇದು ಬಾಯಿಮಾತಲ್ಲ. ಅವಳ ತವರು ಜಗಳೂರು. ಆ ಸೀಮೆಯ ಮೊದಲ ಟ್ರ್ಯಾಕ್ಟರು ಅವಳಪ್ಪನದು. ಕಣದಲ್ಲಿ ಜೋಳದ ತೆನೆ ಹರಡಿ, ಹದಿನೇಳರ ಹುಡುಗಿಯನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, ನಡುವಿನ ಮೇಟಿಕಂಬದ ಸುತ್ತ ತಿರುಗಿಸಲು ಬಿಡುತ್ತಿದ್ದ. ಮದುವೆಯಲ್ಲಿ ಅದೇ ಅಪ್ಪ ಅಳಿಯನಿಗೆ ಕಪ್ಪು ಬಣ್ಣದ ಅಂಬಾಸಿಡರ್ ಕೊಟ್ಟ. ಅಂದಿನಿಂದ ಮಗಳು ಹಿಂದಿನ ಸೀಟಿನ ಎಡಮೂಲೆಗೆ ಸೇರಿದಳು. ಮನೆತನಸ್ಥ ಹೆಂಗಸರು ಮುಂದೆ ಕೂರುವುದುಂಟೆ? ಇಪ್ಪತ್ತಮೂರು ವರ್ಷ ಆ ಕಾರಿನಲ್ಲಿ ಓಡಾಡಿದರೂ ಅವಳು ರಸ್ತೆಯನ್ನು ನೋಡಿದ್ದು ಕಡಿಮೆ, ಗಂಡನ ಕುತ್ತಿಗೆಯನ್ನು ನೋಡಿದ್ದೇ ಹೆಚ್ಚು. ಆ ಕುತ್ತಿಗೆಯ ಮಡಿಕೆಗಳನ್ನು ಕಣ್ಣುಮುಚ್ಚಿ ಎಣಿಸಬಲ್ಲಳು.

ರೇಸಿಗೆ ಕಾರು ಯಾವುದು ಎಂಬ ಪ್ರಶ್ನೆ ಎದ್ದಿದ್ದೇ ಮನೆಯ ಜಗುಲಿ ಎರಡು ಪಕ್ಷವಾಯಿತು. ಒಂದು ಪಕ್ಷಕ್ಕೆ ಹೊನ್ನಾಳಿಯ ಮೆಕ್ಯಾನಿಕ್ ದುರುಗಪ್ಪ. ಟ್ರ್ಯಾಕ್ಟರು, ಅಕ್ಕಿ ಗಿರಣಿ, ನೀರೆತ್ತುವ ಪಂಪು, ಎಲ್ಲಕ್ಕೂ ಅವನದು ಒಂದೇ ಸುತ್ತಿಗೆ. "ಇರೋ ಅಂಬಾಸಿಡರನ್ನೇ ರೇಸಿಗೆ ಮಾಡೋಣ ಗೌಡ್ರೆ. ಅದರಾಗಿರೋ ಬ್ಯಾಡದ ಸಾಮಾನು ಕಿತ್ತು ಒಗದ್ರೆ ಚಿಗರೆ ಓಡ್ದಂಗೆ ಓಡ್ತತೆ" ಎಂದ. ಆ ಕೆಲಸದ ದುಡ್ಡು ಯಾರ ಜೇಬಿಗೆ ಬರುತ್ತದೆ ಎಂಬುದನ್ನು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಇನ್ನೊಂದು ಪಕ್ಷಕ್ಕೆ ಮಹೇಶ್ವರಪ್ಪ. ಸ್ವಂತಕ್ಕೆ ಒಂದು ಹಳೆ ಬುಲೆಟ್ ಬೈಕು ಬಿಟ್ಟರೆ ಬೇರೆ ಗಾಡಿ ಕಾಣದವನು. ಹಾಗಾಗಿ ಕಾರಿನ ವಿಷಯದಲ್ಲಿ ಧೈರ್ಯವಾಗಿ ಮಾತಾಡುತ್ತಿದ್ದ. "ಎಮ್ಮೆಗೆ ಗೆಜ್ಜೆ ಕಟ್ಟಿದ್ರೆ ಕುದುರೆ ಆಗ್ತತೇನ್ರೀ? ರೇಸಿಗೆ ಅಂತನೇ ಹುಟ್ಟಿದ ಕಾರು ತಗಳ್ರಿ" ಎಂದ. ಬೆಂಗಳೂರಿನಲ್ಲಿ ಅಂಥದೊಂದು ಮಾರಾಟಕ್ಕಿತ್ತು. ಡ್ರೈವರ್ ರೇವಣ್ಣನನ್ನು ಕರೆದುಕೊಂಡು ಇಬ್ಬರೂ ನೋಡಲು ಹೋದರು.

ಅಲ್ಲಿ ನಡೆದದ್ದನ್ನು ಮರುದಿನ ರೇವಣ್ಣನೇ ಹಿತ್ತಿಲಲ್ಲಿ ನಿಂತು ಸರ್ವಮಂಗಳಮ್ಮನಿಗೆ ವರದಿ ಮಾಡಿದ.

"ಕಾರಲ್ಲ ಅಮ್ಮಾರೆ ಅದು, ಮುಚ್ಚಳ ಇಲ್ಲದ ತೊಟ್ಟಿಲು. ಬಾಗಿಲಿಲ್ಲ, ತಲಿ ಮ್ಯಾಲೆ ಸೂರಿಲ್ಲ, ಇರೋದು ಒಂದೇ ಸೀಟು. ಧಣೇರು ಒಳಗೆ ಇಳಿದ್ರು. ಇಳಿಯಾಕೇನೋ ಇಳಿದ್ರು, ಏಳಾಕೆ ಆಗಲಿಲ್ಲ. ನಾನು, ಮಹೇಶ್ವರಪ್ಪಾರು, ಮಾರೋನು, ಮೂರೂ ಜನ ಕಂಕುಳಿಗೆ ಕೈಹಾಕಿ ಎಳೆದ್ವಿ. ಹೆರಿಗೆ ಮಾಡಿಸ್ದಂಗಾತು."

"ಮಾರೋನು ಏನಂದ?"

"ಅದನ್ನ ರಸ್ತೆ ಮ್ಯಾಲೆ ಬಿಡಂಗಿಲ್ಲಂತೆ. ರೇಸಿನ ಮೈದಾನದಾಗೆ ಮಾತ್ರ ಓಡ್ತತಂತೆ. ಅಲ್ಲೀತನಕ ಲಾರಿ ಮ್ಯಾಲೆ ಹೊತ್ಕಂಡು ಹೋಗ್ಬೇಕಂತೆ."

ಸರ್ವಮಂಗಳಮ್ಮ ಬಿದ್ದು ಬಿದ್ದು ನಕ್ಕಳು. ಹೊರುವುದಕ್ಕೆಂದು ಕೊಳ್ಳುವ ಗಾಡಿಯನ್ನೇ ಇನ್ನೊಂದು ಗಾಡಿ ಹೊರಬೇಕು! ಆದರೆ ನಗು ಮುಗಿದ ಮೇಲೆ ಅವಳ ಎದೆಯೊಳಗೆ ಒಂದು ಮೊರೆ ಶುರುವಾಯಿತು: ಅಮ್ಮಾ ತಾಯಿ, ಆ ತೊಟ್ಟಿಲನ್ನೇ ಕೊಳ್ಳಲಿ, ಲಾರಿಯ ಮೇಲೆ ಇಟ್ಟುಕೊಂಡು ಎಲ್ಲಿಗಾದರೂ ಮೆರೆಸಲಿ. ನನ್ನ ಅಂಬಾಸಿಡರ್ ತಂಟೆಗೆ ಬರದಿರಲಿ.

ಅದಕ್ಕೆ ಕಾರಣವಿತ್ತು. ಒಬ್ಬಳೇ ಮಗಳು ನಿರ್ಮಲಾಳನ್ನು ನ್ಯಾಮತಿಗೆ ಕೊಟ್ಟಿತ್ತು. ಈಗ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬೀಗರು ದಿನ ಗೊತ್ತು ಮಾಡಿ ಹೇಳಿಕಳಿಸಿದ್ದರು: ಗುರುವಾರ. ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸುವಂತಿಲ್ಲ, ಶನಿವಾರ ಅಮಾವಾಸ್ಯೆ, ಅದು ದಾಟಿದರೆ ಎಂಟನೆಯ ತಿಂಗಳು, ಎಂಟರಲ್ಲಿ ಹೊಸಿಲು ದಾಟಿಸುವುದಿಲ್ಲ. ಒಂಬತ್ತರವರೆಗೆ ಕಾದು ಆ ರಸ್ತೆಯಲ್ಲಿ ಕರೆತಂದರೆ ಹೆರಿಗೆ ಸಾಸ್ವೆಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲೇ ಆದೀತು.

ಗಂಡನಿಗೆ ಅವಳು ಇದನ್ನು ಹತ್ತು ಸಲ ಹೇಳಿದ್ದಳು. ಹತ್ತು ಸಲವೂ ಅವನು "ಹ್ಞೂಂ" ಅಂದಿದ್ದ. ಆ ಹ್ಞೂಂ ಎಂಥದೆಂದು ಗೊತ್ತಿದ್ದವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಪಕ್ಷಗಳು ಒಪ್ಪಂದಕ್ಕೆ ಬಾರದಿದ್ದಾಗ ನಮ್ಮ ಕಡೆ ಮಾಡುವುದನ್ನೇ ಷಣ್ಮುಖಪ್ಪನೂ ಮಾಡಿದ. ಉಬ್ರಾಣಿ ದಾರಿಯ ಅಮ್ಮನ ಗುಡಿಗೆ ಹೂ ಕೇಳಲು ಹೋದ. ಹೆಣ್ಣು ತರುವುದಾಗಲಿ ಬಾವಿ ತೋಡುವುದಾಗಲಿ ಆ ಅಮ್ಮನ ಬಲಗಡೆಯಿಂದ ಹೂ ಉದುರದೆ ಆ ಮನೆಯಲ್ಲಿ ಯಾವ ಕೆಲಸವೂ ಆದದ್ದಿಲ್ಲ. ಪೂಜಾರಿ ಬೋರಣ್ಣ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಗಂಟೆ ಬಾರಿಸಿ, ಕೇಳಿಕೊಳ್ಳಿ ಎಂದ.

"ಇರೋ ಗಾಡೀನೇ ರೇಸಿಗೆ ಮಾಡೋದಾದ್ರೆ ಬಲಗಡೆ ಕೊಡವ್ವಾ. ಹೊಸದು ತರೋದಾದ್ರೆ ಎಡಗಡೆ ಕೊಡು" ಎಂದು ಷಣ್ಮುಖಪ್ಪ ಕೈಮುಗಿದ.

ಸರ್ವಮಂಗಳಮ್ಮ ಕಂಬದ ಮರೆಯಲ್ಲಿ ನಿಂತು ನೋಡಿದಳು. ಎಡಭುಜದ ಮೇಲೆ ಒಂದೇ ಹೂ, ಬಿಗಿಯಾಗಿ ಒತ್ತಿದ್ದು. ಬಲಭುಜದ ಮೇಲೆ ನಾಲ್ಕು, ಗಾಳಿಗೆ ಕಾಯುತ್ತಿದ್ದವು. ಬೆಳಗ್ಗೆ ದುರುಗಪ್ಪ ಗುಡಿಯ ಕಡೆಯಿಂದ ಹಲ್ಲುಗಿಂಜುತ್ತಾ ಬಂದದ್ದು ಅವಳಿಗೆ ನೆನಪಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರು ಬಾಯಿ ಬಿಡುವ ಮೊದಲೇ ಪೂಜಾರಿ ಕೊಟ್ಟು ಮುಗಿಸಿದ್ದ. ಬಲಗಡೆಯ ಹೂ ಉದುರಿತು.

ವಾಪಸು ಬರುವಾಗ ಅವಳು ಕೇಳಿದಳು: "ರೇಸಿಗೆ ಹೋಗ್ಬೇಕೋ ಬ್ಯಾಡ್ವೋ ಅಂತ ಅಮ್ಮನ್ನ ಯಾಕೆ ಕೇಳಲಿಲ್ಲ?"

"ಅದನ್ನ ಯಾರಾದ್ರೂ ಕೇಳ್ತಾರೇನೆ? ಹೋಗೋದು ಗೊತ್ತೇ ಐತಲ್ಲ."

ದುರುಗಪ್ಪ ಕೊಟ್ಟಿಗೆಯ ಮುಂದೆ ಗೋಣಿತಾಟು ಹಾಸಿ ಕೆಲಸಕ್ಕೆ ಕೂತ. ಮೊದಲ ದಿನ ಹಿಂದಿನ ಸೀಟು ಹೊರಗೆ ಬಂತು, ಸರ್ವಮಂಗಳಮ್ಮನ ಎಡಮೂಲೆಯ ಸಮೇತ. ಅದನ್ನು ಜಗುಲಿಯ ಮೇಲಿಟ್ಟರು. ಬೆಕ್ಕು ಅದರಲ್ಲಿ ಮರಿ ಹಾಕಿತು. ಎರಡನೆಯ ದಿನ ಮುಂದಿನ ಉದ್ದನೆಯ ಸೀಟು ಹೋಯಿತು. ಅದರ ಜಾಗಕ್ಕೆ ಗುಜರಿಗೆ ಬಿದ್ದ ಯಾವುದೋ ಬಸ್ಸಿನ ಡ್ರೈವರ್ ಸೀಟು ಬಂತು, ಒಂಟಿಯಾಗಿ. ಆಮೇಲೆ ಕಿಟಕಿಯ ಗಾಜು, ಡಿಕ್ಕಿಯ ಮುಚ್ಚಳ, ಒಳಗಿನ ದೀಪ, ಕೊನೆಗೆ ಹಾರನ್ನು. "ರೇಸಿನಾಗೆ ಅಡ್ಡ ಯಾರು ಬರ್ತಾರೆ, ಹಾರನ್ ಯಾಕೆ?" ಎಂದ ದುರುಗಪ್ಪ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ರೇಸಿನ ನಂಬರು ಏಳು ಎಂದು ಬರೆದ. ಹೀಗೆ ಕಾರಿನ ಭಾರ ಮೂರು ಮಣ ಇಳಿಯಿತು. ಓಡಿಸುವವನ ಹೊಟ್ಟೆಯಿಂದ ಒಂದು ಸೇರು ಇಳಿಸುವ ಆಲೋಚನೆ ಯಾರಿಗೂ ಬರಲಿಲ್ಲ.

ರೇವಣ್ಣ ತನ್ನ ಸೀಟು ಗುಜರಿ ಸೇರಿದ್ದನ್ನು ಕಂಡು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅಡಿಕೆ ಲಾರಿಯ ಕೆಲಸಕ್ಕೆ ಹೋಗಿಬಿಟ್ಟ.

ಬುಧವಾರ ಸಂಜೆ ಸರ್ವಮಂಗಳಮ್ಮ ಕರ್ಜಿಕಾಯಿ, ಕೋಡುಬಳೆ ಕಟ್ಟಿ ಬುತ್ತಿ ಸಿದ್ಧಮಾಡಿ ಗಂಡನ ಮುಂದೆ ಬಂದು ನಿಂತಳು. "ನಾಳಿಗೆ ಟ್ಯಾಕ್ಸಿ ಹೇಳೀರಾ?"

ಷಣ್ಮುಖಪ್ಪ ಹಣೆ ಬಡಿದುಕೊಂಡ. ಊರಿನಲ್ಲಿ ನಂಬುವಂಥ ಟ್ಯಾಕ್ಸಿ ಇದ್ದದ್ದು ಒಂದೇ. ಅದು ಇಂಜಿನ್ ಬಿಚ್ಚಿಸಿಕೊಂಡು ದುರುಗಪ್ಪನ ಗ್ಯಾರೇಜಿನಲ್ಲಿ ಹದಿನೈದು ದಿನದಿಂದ ಬಾಯಿ ತೆರೆದು ಮಲಗಿತ್ತು. ದುರುಗಪ್ಪನಿಗೆ ಪುರುಸೊತ್ತೆಲ್ಲಿ? ಅವನು ಚಿಗರೆ ತಯಾರಿಸುತ್ತಿದ್ದನಲ್ಲ.

"ನಾಳೆ ರಾಹುಕಾಲ ಕಳೀತಿದ್ದಂಗೆ ಮೂರು ಗಂಟಿಗೆ ನನ್ನ ಬೀಳ್ಕೊಡುಗೆ ಐತೆ. ಬ್ಯಾಂಡಿನೋರಿಗೆ ಹೇಳೀನಿ. ಬೆಳಗ್ಗೆ ಮಹೇಶ್ವರಪ್ಪನ ಬುಲೆಟ್ಟಿನಾಗೆ ದಾವಣಗೆರೆಗೆ ಹೋಗಿ ಹೆಲ್ಮೆಟ್ ತರಬೇಕು. ನೀನು ಹಿಂಗ್ ಮಾಡು, ಬಸ್ಸಿನಾಗೆ ಕರ್ಕಂಡು ಬಂದುಬಿಡು. ಬಸ್ಸಿಗೇನಾಗೈತೆ?"

ಸರ್ವಮಂಗಳಮ್ಮ ಬುತ್ತಿಗಂಟು ಎತ್ತಿಕೊಂಡು ಒಳಗೆ ಹೋದಳು.

ಬಸ್ಸಿಗೇನಾಗೈತೆ. ನಿರ್ಮಲಾ ಅವಳ ಮೊದಲ ಮಗುವಲ್ಲ. ಅದಕ್ಕೂ ಮೊದಲು ಒಂದು ಗಂಡು ಇತ್ತು. ಆಗಲೂ ಅಂಬಾಸಿಡರ್ ಇತ್ತು, ಹೊಸದಾಗಿ ಹೊಳೆಯುತ್ತಿತ್ತು. ಆದರೆ ಅವಳು ತವರಿಗೆ ಹೊರಡುವ ದಿನ ಅದು ಷಣ್ಮುಖಪ್ಪನ ಗೆಳೆಯರನ್ನು ತುಂಬಿಕೊಂಡು ಯಾರದೋ ಮದುವೆಗೆ ಹೋಗಿತ್ತು. "ಬಸ್ಸಿನಾಗೆ ಹೋಗು" ಅಂದಿದ್ದ. ಜಗಳೂರು ಇನ್ನೂ ಎಂಟು ಮೈಲಿ ಇರುವಾಗ ಬಸ್ಸಿನಲ್ಲೇ ನೋವು ಎದ್ದಿತು. ಮಗು ಒಂದು ಸಲ ಅತ್ತಿತು. ಅಷ್ಟೆ. ಅದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಷಣ್ಮುಖಪ್ಪ ಮರೆತೇ ಬಿಟ್ಟಿದ್ದಾನೆ ಎಂಬುದು ಅವಳಿಗೆ ಆ ಸಂಜೆ ಗೊತ್ತಾಯಿತು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಬೆಳಗ್ಗೆ ಬುಲೆಟ್ಟು ಡಬಡಬ ಎಂದು ಹೋಯಿತು. ಸರ್ವಮಂಗಳಮ್ಮ ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿ, ದೇವರ ಮುಂದೆ ಹೂವಿನ ನಡುವೆ ಪೂಜೆಗಿಟ್ಟಿದ್ದ ಕಾರಿನ ಕೀಲಿಕೈ ಎತ್ತಿಕೊಂಡಳು. ಅಡಿಗೆಯ ಹೊನ್ನೂರಮ್ಮನನ್ನು ಕರೆದು, "ಮಹಡಿ ಮ್ಯಾಗಿನ ದೊಡ್ಡ ಹತ್ತಿ ಹಾಸಿಗೆ ತಗಂಬಾ, ದಿಂಬು ನಾಕು ತಗಂಬಾ" ಎಂದಳು.

"ಯಾಕವ್ವಾ?"

"ಕಾರಿನಾಗೆ ಹಾಸಾಕೆ. ಸೀಟು ಇಲ್ಲದ ಮ್ಯಾಲೆ ಜಾಗ ಬೇಕಾದಷ್ಟು ಐತೆ."

ಹಾಸಿಗೆ ಅಚ್ಚುಕಟ್ಟಾಗಿ ಕೂತಿತು. ದುರುಗಪ್ಪ ಅಳತೆ ತೆಗೆದೇ ಜಾಗ ಬಿಡಿಸಿದ್ದನೇನೋ ಅನ್ನಬೇಕು. ಹೊನ್ನೂರಮ್ಮ ಬುತ್ತಿಗಂಟಿನ ಜೊತೆ ಹಾಸಿಗೆಯ ಮೇಲೆ ಕೂತು, "ಓಡಿಸೋರು ಯಾರು?" ಎಂದು ಸುತ್ತ ನೋಡಿದಳು. ಸರ್ವಮಂಗಳಮ್ಮ ಕಾರಿನ ಸುತ್ತ ಒಂದು ಬಾರಿ ಬಂದಳು. ಕೂರುವುದಕ್ಕೆ ಉಳಿದಿದ್ದದ್ದು ಒಂದೇ ಸೀಟು. ಅವಳು ಸೆರಗು ಸಿಕ್ಕಿಸಿ ಅದರಲ್ಲೇ ಕೂತಳು.

"ಅಯ್ಯಯ್ಯೋ ಶಿವನೇ!" ಎಂದಳು ಹೊನ್ನೂರಮ್ಮ.

ಕೀಲಿ ತಿರುಗಿಸಿದಳು. ಕಾರು ಒಂದು ಸಲ ಕೆಮ್ಮಿ ನಿಂತಿತು. ಎರಡನೆಯ ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ತುಳಸಿಕಟ್ಟೆಯ ಮಣ್ಣು ಕೆರೆದು ನಿಂತಿತು. ಮೂರನೆಯ ಸಲ ಅವಳು ಕಣ್ಣಮುಂದೆ ಕಣದ ಮೇಟಿಕಂಬವನ್ನು ತಂದುಕೊಂಡು, ಅಪ್ಪ ಹೇಳುತ್ತಿದ್ದಂತೆ ಕಾಲನ್ನು ನಿಧಾನ ಬಿಟ್ಟಳು. ಕಾರು ಮರ್ಯಾದೆಯಾಗಿ ಹೊರಟಿತು.

ಊರು ದಾಟಿದ ಮೇಲೆ ಅವಳಿಗೆ ಮೊದಲ ಬಾರಿಗೆ ರಸ್ತೆ ಕಂಡಿತು. ಇಷ್ಟು ಅಗಲವೇ ಇದು! ನಡುವೆ ಯಾವ ಕುತ್ತಿಗೆಯೂ ಇಲ್ಲ. ಭತ್ತದ ಗದ್ದೆ, ಕಾಲುವೆ, ಆಕಾಶ, ಎಲ್ಲವೂ ನೇರವಾಗಿ ಮುಖಕ್ಕೇ ಬರುತ್ತಿದ್ದವು. ಅವಳಿಗೆ ಹೇಳಲಾರದಷ್ಟು ಸಂತೋಷವಾಯಿತು. ಹಾರನ್ ಇಲ್ಲದ್ದರಿಂದ ಹೊನ್ನೂರಮ್ಮನೇ ಗಾಜಿಲ್ಲದ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀರಪ್ಪೋ! ಬ್ರೇಕು ಐತೋ ಇಲ್ವೋ ಗೊತ್ತಿಲ್ಲ, ಸರೀರಿ!" ಎಂದು ಕೂಗುತ್ತಾ ಬಂದಳು. ಯಾವ ಹಾರನ್ನಿಗೂ ಜನ ಅಷ್ಟು ಬೇಗ ದಾರಿ ಬಿಟ್ಟಿರಲಾರರು. ಸಾಸ್ವೆಹಳ್ಳಿಯಲ್ಲಿ ಚಾದಂಗಡಿಯ ಗಂಡಸರೆಲ್ಲ ಲೋಟ ಹಿಡಿದು ಎದ್ದು ನಿಂತರು. ಹೊನ್ನಾಳಿಯ ಸೇತುವೆ ದಾಟುವಾಗ ದುರುಗಪ್ಪ ಎದುರಿಗೆ ಸೈಕಲ್ ಮೇಲೆ ಬಂದ. ತಾನು ತಯಾರಿಸಿದ ಚಿಗರೆಯನ್ನೂ ಅದರ ಮೇಲೆ ಕೂತವರನ್ನೂ ನೋಡಿ ಸೈಕಲ್ಲಿನಿಂದ ಇಳಿದು, ಏನು ಮಾಡಬೇಕೆಂದು ತೋಚದೆ ಕೈಮುಗಿದ.

ನ್ಯಾಮತಿಯಲ್ಲಿ ಬೀಗತಿ ಶಂಕರಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಕಾರಿನ ಬಾಗಿಲ ಮೇಲಿನ ಏಳು ನೋಡಿದಳು, ಒಳಗಿನ ಹಾಸಿಗೆ ನೋಡಿದಳು.

"ಡ್ರೈವರ್ ಎಲ್ಲಿ ಬೀಗ್ತೇರೆ?"

"ಬಂದೀನಲ್ಲ" ಎಂದಳು ಸರ್ವಮಂಗಳಮ್ಮ.

ಶಂಕರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ನಿರ್ಮಲಾ ಹೊಟ್ಟೆ ಹಿಡಿದುಕೊಂಡು ಬಂದು ಹಾಸಿಗೆಯ ಮೇಲೆ ಕೈಯಾಡಿಸಿ, "ಇದು ನನ್ನ ಹಾಸಿಗಿ ಅಲ್ವೇನಮ್ಮಾ?" ಎಂದು ಮಗುವಿನಂತೆ ಅತ್ತಳು. ಶಂಕರಮ್ಮ ಬಾಯಿ ಮುಚ್ಚಿ, ಮಡಿಲು ತುಂಬಿ, ಸೊಸೆಯ ಬೆನ್ನಿಗೆ ತಾನೇ ಎರಡು ದಿಂಬು ಕೊಟ್ಟಳು.

ವಾಪಸು ಬಂದ ರೀತಿಯನ್ನು ರೇಸಿನವರು ಕೇಳಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ಒಂದೊಂದು ಗುಂಡಿಯನ್ನೂ ದೂರದಿಂದಲೇ ಮಾತಾಡಿಸಿ, ಸುತ್ತಿ ಬಳಸಿ ಅವಳು ದಾಟಿಸಿದಳು. ಬಸ್ಸು ಮುಂದೆ ಹೋಯಿತು. ಸೈಕಲ್ಲು ಮುಂದೆ ಹೋಯಿತು. ಹುಲ್ಲು ತುಂಬಿದ ಎತ್ತಿನ ಗಾಡಿಯೊಂದು ಪಕ್ಕಕ್ಕೆ ಬಂದು, ಗಾಡಿಯವನು ಬಾಗಿಲ ಮೇಲಿನ ಏಳನ್ನು ಓದಿ, ನಕ್ಕು, ಮುಂದೆ ಹೋದ. ಹೋಗಲಿ. ಕನ್ನಡಿಯಲ್ಲಿ ನೋಡಿದರೆ ನಿರ್ಮಲಾ ಕಾಲು ಚಾಚಿ ನಿದ್ದೆ ಹೋಗಿದ್ದಳು. ಎಂಟು ಮೈಲಿ ಉಳಿದಾಗ ಸರ್ವಮಂಗಳಮ್ಮ ಕಾರನ್ನು ಇನ್ನಷ್ಟು ನಿಧಾನ ಮಾಡಿ ಮೈಲಿ ಎಣಿಸತೊಡಗಿದಳು. ಏಳು ಉಳಿಯಿತು, ಆರು ಉಳಿಯಿತು. ನಿರ್ಮಲಾ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದಳು.

ಮನೆಯ ಮುಂದೆ ಊರೇ ನೆರೆದಿತ್ತು. ಷಣ್ಮುಖಪ್ಪ ಹೊಸ ಹೆಲ್ಮೆಟ್ ಹಾಕಿಕೊಂಡು, ಅದರ ಮೇಲೊಂದು ಹಾರ ಹಾಕಿಸಿಕೊಂಡು, ಕಾರಿಲ್ಲದ ಅಂಗಳದಲ್ಲಿ ಮುಕ್ಕಾಲು ಗಂಟೆಯಿಂದ ನಿಂತಿದ್ದ. ಕಳ್ಳರು ಹೊತ್ತೊಯ್ದರೆಂದು ಮಹೇಶ್ವರಪ್ಪ ಕೂಗಾಡುತ್ತಿದ್ದ. ಕಾರು ಕಂಡ ಕೂಡಲೇ ಬಾರಿಸಬೇಕೆಂದು ಬ್ಯಾಂಡಿನವರಿಗೆ ಅಪ್ಪಣೆಯಾಗಿತ್ತು. ಬೀದಿಯ ತಿರುವಿನಲ್ಲಿ ಕಾರು ಕಂಡಿತು. ಅವರು ಬಾರಿಸಿದರು. ಬೋರಣ್ಣ ಅಭ್ಯಾಸಬಲದಿಂದ ಬೂದುಗುಂಬಳ ನಿವಾಳಿಸಿ ಒಡೆದೇ ಬಿಟ್ಟ. ನೆರೆಮನೆಯ ಹೆಂಗಸರು ನಿರ್ಮಲಾಳನ್ನು ಇಳಿಸಿ, ದೃಷ್ಟಿ ತೆಗೆದು ಒಳಗೆ ಕರೆದೊಯ್ದರು.

ಷಣ್ಮುಖಪ್ಪ ಹೆಲ್ಮೆಟ್ಟಿನೊಳಗಿಂದಲೇ ಗುಡುಗಿದ: "ಏನೇ ಇದು? ಊರ ಮುಂದೆ ಮಾನ ಕಳದೆಲ್ಲ!"

"ಬಸ್ಸಿನಾಗೆ ತರಬೇಕಿತ್ತೇನ್ರೀ?" ಎಂದಳು ಸರ್ವಮಂಗಳಮ್ಮ. "ಒಂದನ್ನ ಒಯ್ದಿದ್ದೆನಲ್ಲ ಬಸ್ಸಿನಾಗೆ. ನೆನಪೈತಾ?"

ಷಣ್ಮುಖಪ್ಪನ ಕೈ ಹೆಲ್ಮೆಟ್ಟಿನ ಪಟ್ಟಿಗೆ ಹೋಯಿತು. ಅದು ಬಿಚ್ಚಿಕೊಳ್ಳಲಿಲ್ಲ. ಬ್ಯಾಂಡು ತಾನಾಗಿಯೇ ನಿಂತಿತು. ಅವನು ಸಣ್ಣ ದನಿಯಲ್ಲಿ, "ಹೊತ್ತು ಮೀರ್ತಾ ಐತೆ. ಕೀಲಿ ಕೊಡು. ಅಮ್ಮ ಬಲಗಡೆ ಹೂ ಕೊಟ್ಟಾಳಲ್ಲ" ಎಂದ.

"ಕೊಟ್ಟಾಳೆ. ಇರೋ ಗಾಡೀನೇ ರೇಸಿಗೆ ಮಾಡಾಕೆ ಕೊಟ್ಟಾಳೆ. ಯಾರು ಓಡಿಸ್ಬೇಕು ಅಂತ ನೀವು ಕೇಳಿದ್ರೇನು?"

ಷಣ್ಮುಖಪ್ಪ ಬೋರಣ್ಣನ ಮುಖ ನೋಡಿದ. ಬೋರಣ್ಣ ಒಡೆದ ಕುಂಬಳಕಾಯಿಯನ್ನು ನೋಡಿದ. ಸರ್ವಮಂಗಳಮ್ಮ ಕೀಲಿಕೈಯನ್ನು ಸೊಂಟದಲ್ಲಿದ್ದ ಉಗ್ರಾಣದ ಕೀಲಿ ಗೊಂಚಲಿಗೆ ಸೇರಿಸಿ ಮಗಳ ಬಳಿಗೆ ಹೋದಳು.

ಭಾನುವಾರ ಮದ್ರಾಸಿನಲ್ಲಿ ರೇಸು ನಡೆಯಿತು. ಏಳನೆಯ ನಂಬರು ಬರಲಿಲ್ಲವೆಂದು ಅಲ್ಲಿ ಯಾರೂ ಊಟ ಬಿಟ್ಟ ಸುದ್ದಿಯಿಲ್ಲ. ಎರಡು ತಿಂಗಳ ಮೇಲೆ ನಿರ್ಮಲಾ ಗಂಡು ಹೆತ್ತಳು. ಅದು ಹುಟ್ಟಿದ್ದೇ ಮನೆಯ ತೊಲೆ ನಡುಗುವಂತೆ ಅರಚಿತು, ಒಂದು ಸಲ ಅಲ್ಲ, ಇಡೀ ದಿನ. ಷಣ್ಮುಖಪ್ಪ ಅದನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ಯಾರಿಗೂ ಮುಖ ತೋರಿಸಲಿಲ್ಲ.

ಹೆಸರಿಡುವ ದಿನ ಹತ್ತಿರ ಬಂದಾಗ ದುರುಗಪ್ಪ ಬಂದು ತಲೆ ಕೆರೆಯುತ್ತಾ ನಿಂತ. ಈ ಸಲ ಅವನು ಗೌಡರನ್ನು ಕೇಳಲಿಲ್ಲ. "ಅಮ್ಮಾರೆ, ಗಾಡಿ ಮತ್ತೆ ಮೊದಲಿನಂಗೆ ಮಾಡ್ಲಾ?"

"ಹಿಂದಿನ ಸೀಟು ಹಾಕು. ಬೆಕ್ಕಿನ ಕೂದಲು ಕೊಡವಿ ಹಾಕು. ಹಾರನ್ ಹಾಕು. ಮುಂದಿಂದು ಹಂಗೇ ಇರಲಿ."

"ಒಂದೇ ಸೀಟು ಐತಲ್ಲಮ್ಮಾ ಮುಂದೆ. ಗೌಡ್ರು ಎಲ್ಲಿ ಕೂರ್ತಾರೆ?"

ಸರ್ವಮಂಗಳಮ್ಮ ಮೊಮ್ಮಗನ ಕುಲಾವಿ ಸರಿಮಾಡುತ್ತಾ, "ಹಿಂದೆ ಎಡಮೂಲೆ ಚೆನ್ನಾಗೈತೆ. ಇಪ್ಪತ್ತಮೂರು ವರ್ಷ ಕೂತು ನೋಡೀನಿ" ಎಂದಳು.